ಉಂಗುರ ಗೆದ್ದವರ ಆಂಪ್ಲಿಫೈಯರ್

ಮುನಿಆಂಜನಪ್ಪನ ಮನೆಯ ಸಂವಿಧಾನದಲ್ಲಿ ಇದ್ದದ್ದು ಒಂದೇ ಒಂದು ಕಲಮು: ಮದುವೆಯ ದಿನ ಉಂಗುರ ಗೆದ್ದವನು ಮುನಿಆಂಜನಪ್ಪ. ಓಕುಳಿ ನೀರಿನ ಕೊಡದೊಳಗೆ ಉಂಗುರ ಹಾಕಿ, ಗಂಡು ಹೆಣ್ಣು ಇಬ್ಬರೂ ಕೈಬಿಟ್ಟು ಹುಡುಕುವ ಶಾಸ್ತ್ರ ನಿಮಗೂ ಗೊತ್ತಿರಬೇಕು. ಮೂರು ಸಲ ಹಾಕುತ್ತಾರೆ. ಯಾರ ಕೈಗೆ ಹೆಚ್ಚು ಸಲ ಸಿಕ್ಕಿತೋ ಮುಂದೆ ಮನೆಯಲ್ಲಿ ಅವರ ಮಾತೇ ನಡೆಯುತ್ತದೆ ಅಂತ ನಂಬಿಕೆ. ನಕ್ಕು ಮರೆಯುವ ಆಟ ಅದು; ಬೇರೆಯವರು ಊಟಕ್ಕೆ ಕೂರುವಷ್ಟರಲ್ಲಿ ಮರೆತೇಬಿಡುತ್ತಾರೆ. ಮುನಿಆಂಜನಪ್ಪ ಮಾತ್ರ ಮೂರಕ್ಕೆ ಮೂರೂ ಗೆದ್ದು, ಆ ಗೆಲುವಿನ ಬಲದ ಮೇಲೆ ಹದಿನೇಳು ವರ್ಷ ರಾಜ್ಯಭಾರ ಮಾಡಿದ್ದ.

ಗೋಡೆಗೆ ಯಾವ ಬಣ್ಣ, ಮಗಳು ಪ್ರಿಯಾಗೆ ಯಾವ ಸ್ಕೂಲು, ಹಬ್ಬಕ್ಕೆ ಯಾರ ಊರು, ಯಾವ ಮಾತು ಬಂದರೂ ಹೆಂಡತಿ ಪಿಳ್ಳಮ್ಮ ಬಾಯಿ ತೆರೆಯುವ ಮೊದಲೇ ಅವನು ಬೆರಳೊಂದನ್ನು ಮೇಲೆತ್ತಿ, "ಉಂಗುರ ಗೆದ್ದಿದ್ದು ಯಾರು?" ಅನ್ನುತ್ತಿದ್ದ. ಅಲ್ಲಿಗೆ ಚರ್ಚೆ ಮುಗಿಯಿತು. (ಸುಪ್ರೀಂ ಕೋರ್ಟಿನ ತೀರ್ಪಿಗಾದರೂ ಮರುಪರಿಶೀಲನೆ ಕೇಳಿ ಅರ್ಜಿ ಹಾಕಬಹುದು.)

ಎರಡು ಸಾವಿರದ ಇಸವಿಯ ನವೆಂಬರಿನಲ್ಲಿ ಕಾಕ್ಸ್ ಟೌನಿನ ಹಳೆಯ ಬಂಗಲೆಯೊಂದನ್ನು ಕೆಡವಿ ಫ್ಲಾಟು ಕಟ್ಟಲು ಹೊರಟರು. ಆ ಮನೆಯ ಮುದುಕರು ಸಾಮಾನು ಮಾರುತ್ತಿದ್ದಾಗ ಮುನಿಆಂಜನಪ್ಪನ ಕಣ್ಣಿಗೆ ಒಂದು ಜೊತೆ ವಿಲಾಯತಿ ಸ್ಪೀಕರು ಬಿದ್ದವು. ಅವನ್ನು ಲಗೇಜ್ ಆಟೋದಲ್ಲಿ ಮಲಗಿಸಿ, ಬಾಣಂತಿಯನ್ನು ಕರೆತರುವವನ ಹಾಗೆ ತಾನೂ ಪಕ್ಕದಲ್ಲೇ ಕೂತು, ಪ್ರತಿ ಹಳ್ಳಕ್ಕೂ "ನಿಧಾನ, ನಿಧಾನ" ಅನ್ನುತ್ತ ಸಿ.ವಿ. ರಾಮನ್ ನಗರದ ಮನೆಗೆ ತಂದ.

"ಇದೇನ್ರೀ, ಎರಡೆರಡು ಬೀರು ತಂದ್ಬಿಟ್ಟಿದ್ದೀರ! ಇದಕ್ಕೆ ಬಾಗಿಲೆಲ್ಲಿ?" ಎಂದಳು ಪಿಳ್ಳಮ್ಮ. ಸ್ಪೀಕರು ಅವಳ ಭುಜದೆತ್ತರ ಇದ್ದವು.

"ಸ್ಪೀಕರ್ ಕಣೇ. ಹೈ ಎಂಡ್."

"ಯಾವ ಎಂಡೋ. ಇಡೋದೆಲ್ಲಿ?"

"ದಿವಾನ್ ಇರೋ ಜಾಗದಲ್ಲಿ."

"ನಮ್ಮಮ್ಮ ಬಂದ್ರೆ ಎಲ್ಲಿ ಮಲಗ್ತಾರೆ? ಇದರ ಮೇಲಾ?"

ಬೆರಳು ಮೇಲಕ್ಕೆ ಹೋಯಿತು. ದಿವಾನ್ ಮಹಡಿ ಮೆಟ್ಟಿಲ ಕೆಳಗೆ ಹೋಯಿತು.

ಆಂಪ್ಲಿಫೈಯರ್ ಇಲ್ಲದೆ ಸ್ಪೀಕರು ಬಾಯಿ ಬಿಡುವುದಿಲ್ಲವಲ್ಲ. ಮುನಿಆಂಜನಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಅಳೆಯುವ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಒಪ್ಪದ ಆಸಾಮಿ. ಶಿವಾಜಿನಗರದಲ್ಲಿ ಮೂವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದ ಗಯಾಜ್ ಭಾಯಿ ಭಾನುವಾರಕ್ಕೊಂದರಂತೆ ಆಂಪ್ಲಿಫೈಯರ್ ಕೊಟ್ಟು, "ಮನೇಲಿ ಕೇಳ್ಕೊಂಡು ಬನ್ನಿ ಅಣ್ಣ" ಅಂದರು. ಮೊದಲನೆಯದು ಜಪಾನಿನದು, ಮುಖದ ತುಂಬ ಲೈಟು. "ಆರ್ಭಟ ಇದೆ, ಅಂತಃಕರಣ ಇಲ್ಲ" ಅಂತ ವಾಪಸು ಹೋಯಿತು. ಎರಡನೆಯದು ಇಂಗ್ಲೆಂಡಿನದು, ಟಿಫನ್ ಡಬ್ಬಿಯಷ್ಟಿತ್ತು. ಸಂಭಾವಿತರ ಹಾಗೆ ಹಾಡಿತು, ಆದರೆ ಮೃದಂಗ ಜೋರಾದಾಗ ದಮ್ಮು ಕಟ್ಟಿತು. ಮೂರನೆಯದು ಗಯಾಜ್ ಭಾಯಿ ತಾವೇ ಕೂತು ಮಾಡಿದ ವಾಲ್ವ್ ಆಂಪ್ಲಿಫೈಯರ್. ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥ ಆರು ಗಾಜಿನ ವಾಲ್ವುಗಳು ಕೆಂಪಗೆ ಕಾಯುತ್ತಿದ್ದವು.

"ಹತ್ತು ನಿಮಿಷ ಬಿಸಿ ಆಗಕ್ಕೆ ಬಿಡಿ ಅಣ್ಣ. ಅವಸರ ಮಾಡಿದ್ರೆ ಮಬ್ಬು ಮಬ್ಬು. ಕಾದ್ರೆ, ಹಾಡೋರು ನಿಮ್ಮ ಮನೇಲೇ ಚಾಪೆ ಹಾಕ್ಕೊಂಡು ಕೂತಿರ್ತಾರೆ" ಎಂದರು ಗಯಾಜ್ ಭಾಯಿ.

ಇದು ಮುನಿಆಂಜನಪ್ಪನಿಗೆ ಹಿಡಿಸಿತು. ಪಿಳ್ಳಮ್ಮನಿಗೂ ಹಿಡಿಸಿತು, ಡಿಸೆಂಬರಿನ ಚಳಿಗೆ ಹುಳಿ ಬಾರದ ಇಡ್ಲಿ ಹಿಟ್ಟು ಅದರ ಪಕ್ಕದಲ್ಲಿಟ್ಟರೆ ಉಕ್ಕಿ ಬರುತ್ತಿತ್ತು.

ಇನ್ನು ಕೇಬಲ್ಲು. "ದಪ್ಪ ತಾಮ್ರದ ವೈರ್ ಸಾಕು ಅಣ್ಣ" ಅಂತ ಗಯಾಜ್ ಭಾಯಿ ಪ್ರಾಮಾಣಿಕವಾಗಿಯೇ ಹೇಳಿದ್ದರು. ಆದರೆ ಮುನಿಆಂಜನಪ್ಪ ಹಳೇ ಪುಸ್ತಕದಂಗಡಿಯಲ್ಲಿ ವಿದೇಶಿ ಪತ್ರಿಕೆಗಳನ್ನು ಓದಿ ಕೆಟ್ಟಿದ್ದ. ಕೇಬಲ್ಲು ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂತು. ಕೇರೆಹಾವಿನಷ್ಟು ದಪ್ಪ.

"ಇದರ ತಾಮ್ರದಲ್ಲಿ ಆಮ್ಲಜನಕವೇ ಇಲ್ಲ, ಗೊತ್ತಾ?"

"ಅಯ್ಯೋ ಪಾಪ, ಉಸಿರು ಕಟ್ಟಲ್ವಾ ಅದಕ್ಕೆ?"

"ಈ ಬಾಣದ ಗುರುತು ನೋಡು. ಸಂಗೀತ ಈ ಕಡೆಯಿಂದ ಈ ಕಡೆಗೇ ಹರೀಬೇಕು."

"ಇಲ್ದಿದ್ರೆ ವಾಪಸ್ ಶಿವಾಜಿನಗರಕ್ಕೆ ಹೊರಟೋಗತ್ತಾ? ನೋಡ್ರೀ, ನನ್ನ ಕಿವಿಗೆ ಎಲ್ಲಾ ಒಂದೇ. ನಮ್ಮ ರಾಮು ಮೈಕ್‌ಸೆಟ್ ಹಾಕಿದ್ರೆ ಕೆ.ಆರ್. ಪುರದಿಂದ ಹೂಡಿವರೆಗೂ ಕೇಳ್ಸತ್ತೆ. ನಿಮ್ದು ಅಡುಗೆಮನೆಗೇ ಕೇಳ್ಸಲ್ಲ."

ರಾಮು ಎಂದರೆ ಪಿಳ್ಳಮ್ಮನ ತಮ್ಮ. ಮದುವೆ ಮುಂಜಿಗೆ ಮೈಕ್‌ಸೆಟ್ಟು, ಸೀರಿಯಲ್ ಲೈಟು ಬಾಡಿಗೆಗೆ ಕೊಡುವವನು. ತನ್ನ ವಾಲ್ವುಗಳನ್ನು ಅವನ ತಗಡಿನ ಹಾರ್ನಿಗೆ ಹೋಲಿಸಿದ್ದು ಮುನಿಆಂಜನಪ್ಪನ ಎದೆಗೇ ನಾಟಿತು.

"ಪಂದ್ಯ ಕಟ್ಟು! ಇಷ್ಟು ವರ್ಷ ನಿನ್ನ ಕಿವಿಗೆ ಬೀಳದೇ ಇರೋದನ್ನ ಕೇಳ್ಸಿ ತೋರಿಸ್ತೀನಿ. ಆಗ್ಲಿಲ್ವಾ, ಸ್ಪೀಕರ್ ಆಚೆಗೆ, ದಿವಾನ್ ಒಳಗೆ. ಇನ್ಮೇಲೆ ಈ ಮನೇಲಿ ಉಂಗುರದ ಮಾತೇ ಎತ್ತಲ್ಲ!"

ಪಿಳ್ಳಮ್ಮ ಹಿಟ್ಟಿನ ಕೈ ಒರೆಸಿಕೊಂಡಳು. "ಹಂಗಾದ್ರೆ ನಮ್ಮ ಮದುವೆ ಕ್ಯಾಸೆಟ್ ಹಾಕಿ. ಅದರಲ್ಲಿ ಯಾರು ಎಲ್ಲಿ ಕೆಮ್ತಾರೆ ಅಂತ ನಂಗೆ ಬಾಯಿಪಾಠ."

ಎಂಬತ್ತಮೂರರಲ್ಲಿ ಅವರ ಮದುವೆಗೆ ವಿಡಿಯೋ ಇರಲಿಲ್ಲ. ನೆಂಟರೊಬ್ಬರು ಮಂಟಪದ ಪಕ್ಕ ಕುರ್ಚಿಯ ಮೇಲೆ ಟೂ ಇನ್ ಒನ್ ಇಟ್ಟು ರೆಕಾರ್ಡ್ ಗುಂಡಿ ಒತ್ತಿ ಊಟಕ್ಕೆ ಹೋಗಿದ್ದರು. ವರ್ಷಕ್ಕೊಮ್ಮೆ ಪಿಳ್ಳಮ್ಮ ಅದನ್ನು ಹಾಕುವಳು. ಓಲಗ, ಪುರೋಹಿತರ ಕೂಗು, ಮಕ್ಕಳ ಅಳು. ಮಿಕ್ಕಿದ್ದೆಲ್ಲ ಬರೀ ಗುಜುಗುಜು.

ಭಾನುವಾರ ಬೆಳಿಗ್ಗೆ ಮುನಿಆಂಜನಪ್ಪ ಟೇಪು ಹಿಡಿದು ಅಳೆದು, ಎರಡು ಸ್ಪೀಕರಿಗೂ ಸರಿಸಮ ದೂರದಲ್ಲಿ ಕುರ್ಚಿ ಹಾಕಿ ಹೆಂಡತಿಯನ್ನು ಕೂರಿಸಿದ. ಹತ್ತು ನಿಮಿಷ ಕಾದ. ಆಂಪ್ಲಿಫೈಯರಿಗೆ ಜೋಡಿಸಿದ್ದ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ಹಾಕಿದ.

ಓಲಗ ಬಂತು ನೋಡಿ! ಡೋಲಿನವನ ಒಂದೊಂದು ಬೆರಳೂ ಬೇರೆ ಬೇರೆ ಕೇಳಿತು. ಪಿಳ್ಳಮ್ಮನ ಕಣ್ಣರಳಿತು. "ರೀ, ಬಳೆ ಸದ್ದು! ನಮ್ಮಮ್ಮನ ಗಾಜಿನ ಬಳೆ!"

"ಗೆದ್ದೆನಾ?"

"ಸುಮ್ನಿರಿ, ಕೇಳೋಣ."

ಓಲಗದವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಕೊಡದ ನೀರು ಬಳಬಳ ಅಂದಿತು. ಹದಿನೇಳು ವರ್ಷ ಗುಜುಗುಜು ಅನ್ನುತ್ತಿದ್ದ ಆ ಜಾಗದಲ್ಲಿ, ಎರಡು ಸ್ಪೀಕರುಗಳ ನಡುವಿನಿಂದ, ಒಬ್ಬ ಯುವಕನ ಧ್ವನಿ ಸ್ವಚ್ಛವಾಗಿ ಎದ್ದು ಬಂತು:

"ಅತ್ತೆ, ನೀರಿಗೆ ಹಾಕ್ಬೇಡಿ. ಹೋದ್ ಸಲದಂಗೆ ನನ್ ಕೈಗೇ ಕೊಟ್ಬಿಡಿ."

"ಮೆಲ್ಲಗೆ ಮಾತಾಡೋ! ತಗೋ, ಮುಷ್ಟಿ ಮುಚ್ಕೋ. ಪಾಪ, ಹುಡುಗಿ ಕೊಡದ ತಳ ಕೆರೀತಾ ಅವ್ಳೆ."

ಆಮೇಲೆ ಯುವಕ ಕಿಸಕ್ಕನೆ ನಕ್ಕ. ಆ ನಗುವೂ ಕೇಳಿತು.

ಪಿಳ್ಳಮ್ಮ ಎದ್ದು, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿದಳು. ಎರಡನೆಯ ಧ್ವನಿ ಮುನಿಆಂಜನಪ್ಪನ ಸೋದರತ್ತೆ ದೊಡ್ಡಮುನಿಯಮ್ಮನದು. ಶಾಸ್ತ್ರ ಮಾಡಿಸಿದ್ದು ಅವರೇ.

"ಉಗುರು ಕಿತ್ತೋಗೋ ಹಂಗೆ ಹುಡುಕಿದ್ದೆ ಕಣ್ರೀ ಆವತ್ತು. ನನ್ನ ಕೈಗೇ ಅದೃಷ್ಟ ಇಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ" ಎಂದಳು.

ಮುನಿಆಂಜನಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ರಾಜ್ಯ ಬಿಟ್ಟುಕೊಡುವಷ್ಟು ಆಗಲಿಲ್ಲ. "ಹಳೇ ಟೇಪು ಕಣೇ, ಏನೇನೋ ಕೇಳ್ಸತ್ತೆ. ನಾನು ಉಂಗುರ ಗೆದ್ದಿದ್ದನ್ನ ಎರಡೂ ಕಡೆ ನೆಂಟರು ಕಣ್ಣಾರೆ ನೋಡಿಲ್ವಾ?"

"ಸರಿ. ಪಂದ್ಯ ನೀವೇ ಗೆದ್ರಿ, ಸ್ಪೀಕರ್ ಇರ್ಲಿ. ಮಿಕ್ಕಿದ್ದನ್ನ ಆ ನೆಂಟರೇ ಕೇಳಿ ಹೇಳ್ಲಿ" ಎಂದು ಪಿಳ್ಳಮ್ಮ ಕ್ಯಾಸೆಟ್ಟನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದಳು. ಸಂಜೆಯೊಳಗೆ ದಿವಾನ್ ಸ್ಪೀಕರುಗಳ ಮಧ್ಯೆ ಬಂದು ಕೂತಿತು. ಬೆರಳೆತ್ತುವ ಧೈರ್ಯ ಮುನಿಆಂಜನಪ್ಪನಿಗೆ ಬರಲಿಲ್ಲ.

ಮುಂದಿನ ಭಾನುವಾರ ಒಬ್ಬಟ್ಟಿನ ಊಟಕ್ಕೆ ಕೆ.ಆರ್. ಪುರದಿಂದ ರಾಮು ಸಂಸಾರ ಸಮೇತ ಬಂದ. ಹಲಸೂರಿನಿಂದ ಎಪ್ಪತ್ತಾರು ವರ್ಷದ ದೊಡ್ಡಮುನಿಯಮ್ಮ ಬಂದರು. ಪಿಳ್ಳಮ್ಮ ವಿಷಯ ವಿವರಿಸಿ, ತಾನೇ ಸ್ವಿಚ್ಚು ಹಾಕಿ, ಸೆರಗು ಸಿಕ್ಕಿಸಿಕೊಂಡು, ವಾಲ್ವು ಕಾಯುವ ಮೊದಲೇ ಕ್ಯಾಸೆಟ್ಟಿನ ಗುಂಡಿ ಒತ್ತಿದಳು. ಫ್ಯಾನು ಗರಗರ ಅನ್ನುತ್ತಿತ್ತು, ಮಕ್ಕಳು ಗಲಾಟೆ ಮಾಡುತ್ತಿದ್ದವು.

"ಆ ದನಿ ನಂದಲ್ಲ ಕಣಮ್ಮ, ನಾನು ಆವತ್ತು ಅಡುಗೆ ತಾವ ಇದ್ದೆ" ಎಂದು ದೊಡ್ಡಮುನಿಯಮ್ಮ ಸಲೀಸಾಗಿ ಸುಳ್ಳು ಹೇಳಿ, ಅಣ್ಣನ ಮಗನ ಕಡೆ ಕಣ್ಣು ಮಿಟುಕಿಸಿದರು.

ಮೂಲೆಯಲ್ಲಿ ಗೋಡೆಗೊರಗಿದ್ದ ರಾಮು ತಲೆ ಕೆರೆದುಕೊಂಡ. "ಅಕ್ಕ, ಇದರಲ್ಲಿ ಏನ್ ಕೇಳ್ಸತ್ತೆ? ಬರೀ ಗುಜುಗುಜು. ಗಂಡೋ ಹೆಣ್ಣೋ ಅಂತ್ಲೂ ಗೊತ್ತಾಗ್ತಿಲ್ಲ."

ಪಿಳ್ಳಮ್ಮನ ಮುಖ ಸಣ್ಣಗಾಯಿತು. ಸಾಕ್ಷಿಯ ಕೊರತೆಯಿಂದ ಆರೋಪಿ ಬಿಡುಗಡೆ! ಮುನಿಆಂಜನಪ್ಪ "ಎಲೆ ಹಾಕು" ಅಂದಿದ್ದರೆ ಸಾಕಿತ್ತು, ಅವನ ರಾಜ್ಯ ಮೊಮ್ಮಕ್ಕಳ ಕಾಲದವರೆಗೂ ಭದ್ರ. ಅನ್ನಲು ಬಾಯಿಯನ್ನೂ ತೆರೆದ.

"ಸುಮ್ನೆ ದುಡ್ಡು ದಂಡ ಭಾವ, ನಮ್ಮ ಹಾರ್ನೇ ಇದಕ್ಕಿಂತ ವಾಸಿ" ಎಂದ ರಾಮು.

"ಏನಂದೆ? ಏಳೋ ಮೇಲೆ!"

ಮುನಿಆಂಜನಪ್ಪ ಬಾಮೈದನ ರಟ್ಟೆ ಹಿಡಿದೆಳೆದು, ಅಳೆದಿಟ್ಟ ಕುರ್ಚಿಯಲ್ಲಿ ಕೂರಿಸಿದ. ಫ್ಯಾನು ಆರಿಸಿದ. ಕಿಟಕಿ ಮುಚ್ಚಿದ. ಮಕ್ಕಳನ್ನು ಮಹಡಿಗೆ ಅಟ್ಟಿದ. "ಅತ್ತೆ, ಎಲೆಅಡಿಕೆ ಅಗಿಯೋದು ನಿಲ್ಲಿಸಿ" ಅಂದ. ಕೇಬಲ್ಲಿನ ತುದಿಗಳನ್ನು ಬಿಗಿ ಮಾಡಿದ. ವಾಲ್ವು ಕಾಯಲೆಂದು ಹತ್ತು ನಿಮಿಷ ಎಲ್ಲರನ್ನೂ ಉಸಿರು ಬಿಗಿಹಿಡಿಸಿ ಕೂರಿಸಿದ. ಆಮೇಲೆ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ, ತಾನೇ ಕೈಯಾರ ಗುಂಡಿ ಒತ್ತಿದ.

"ಅತ್ತೆ, ನೀರಿಗೆ ಹಾಕ್ಬೇಡಿ..."

"ಈಗ ಹೇಳು! ಯಾರ ದನಿ?"

"ನಿಮ್ದೇ ಭಾವ," ಎಂದ ರಾಮು, ಬೆಪ್ಪಾಗಿ.

"'ಹೋದ್ ಸಲದಂಗೆ' ಅಂದಿದ್ದು ಕೇಳ್ತಾ?"

"ಕೇಳ್ತು ಭಾವ. ದೊಡ್ಡಮುನಿಯಮ್ಮನೋರ ಮಾತೂ ಕೇಳ್ತು. ನೀವು ಕಿಸಕ್ಕಂತ ನಕ್ಕಿದ್ದೂ ಕೇಳ್ತು."

"ಹಾಂ! ಆ ನಗು ಇದೆಯಲ್ಲ, ಯಾವ ಹಾರ್ನಲ್ಲೂ ಬರಲ್ಲ ಕಣೋ ಅದು! ಮೂರು ಸಲವೂ ಉಂಗುರ ನನ್ನ ಮುಷ್ಟೀಲೇ ಇತ್ತು ಅಂತ ನನಗೊಬ್ಬನಿಗೇ ಗೊತ್ತಿರೋ ನಗು ಅದು!" ಎಂದು ಮುನಿಆಂಜನಪ್ಪ ಜಯಭೇರಿ ಬಾರಿಸಿ, ಸಭೆಯ ಕಡೆ ತಿರುಗಿದ.

ದೊಡ್ಡಮುನಿಯಮ್ಮ ಹಣೆ ಚಚ್ಚಿಕೊಂಡರು. "ಪೆದ್ದು ಮುಂಡೇದೆ! ನಿನ್ನ ಉಳ್ಸಕ್ಕೆ ಈ ವಯಸ್ಸಲ್ಲಿ ಸುಳ್ಳು ಹೇಳಿದ್ನಲ್ಲೋ!"

ಪಿಳ್ಳಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹದಿನೇಳು ವರ್ಷದಲ್ಲಿ ಅವಳು ಇಷ್ಟು ಸಂತೋಷವಾಗಿದ್ದದ್ದನ್ನು ಮುನಿಆಂಜನಪ್ಪ ಕಂಡಿರಲಿಲ್ಲ. ರಾಜ್ಯ ಹೋದ ದುಃಖ ಎಲ್ಲಿದೆ ಅಂತ ಒಳಗೆಲ್ಲ ತಡಕಾಡಿದ, ಸಿಗಲಿಲ್ಲ. ಎದೆ ಉಬ್ಬಿಕೊಂಡೇ ಇತ್ತು.

ರಾಮು ಮಾತ್ರ ಕುರ್ಚಿಯಿಂದ ಏಳದೆ, ಕೇಬಲ್ಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. "ಭಾವ, ತಪ್ಪಾಯ್ತು. ಏನ್ ಸೌಂಡು ಇದು! ಈ ಕೇಬಲ್ಲು ಎಲ್ಲಿ ಸಿಗತ್ತೆ? ಹೆಂಗೆ ಆರಿಸಿದ್ರಿ? ಮೊದಲಿಂದ ಹೇಳಿ."

ಹದಿನೈದು ದಿನದಿಂದ ಮುನಿಆಂಜನಪ್ಪ ಇದೇ ಪ್ರಶ್ನೆಗಾಗಿ ಹಾತೊರೆದಿದ್ದ. ಗಂಟಲು ಸರಿ ಮಾಡಿಕೊಂಡು ಶುರು ಮಾಡಬೇಕು ಅನ್ನುವಷ್ಟರಲ್ಲಿ ಏನೋ ನೆನಪಾಗಿ, ಹೆಂಡತಿಯ ಕಡೆ ನೋಡಿದ.

"ಹೇಳ್ಲಾ?"

"ಊಟ ಆದ್ಮೇಲೆ ಹೇಳಿ" ಎಂದಳು ಪಿಳ್ಳಮ್ಮ.

ಮುನಿಆಂಜನಪ್ಪ ಊಟ ಆದ ಮೇಲೆ ಹೇಳಿದ.