ಒಂಟಿಗಣ್ಣಿನ ಅಭ್ಯಾಸ

ಸುಭಾಸನ ಎಡಗಣ್ಣು ಒಂಟಿಯಾಗಿ ಮುಚ್ಚುತ್ತಿರಲಿಲ್ಲ. ಅದನ್ನು ಮುಚ್ಚಿದರೆ ಬಲಗಣ್ಣೂ ಜೊತೆಗೇ ಮುಚ್ಚಿಕೊಳ್ಳುತ್ತಿತ್ತು. ಇಷ್ಟು ವರ್ಷ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಆದರೆ ದಾಂಡೇಲಿಯಲ್ಲಿ ಶೈಲಾ ಏರ್ ರೈಫಲ್ ಕ್ಲಾಸು ತೆರೆದಳು, ಸುಭಾಸ ಮೊದಲ ದಿನವೇ ಹೆಸರು ಬರೆಸಿದ.

ಇಂದು ಸಂಜೆ ಆಯ್ಕೆ. ಗೆದ್ದ ಒಬ್ಬರು ಮಾತ್ರ ಶೈಲಾಳ ಜೊತೆ ಧಾರವಾಡದ ಪಂದ್ಯಕ್ಕೆ ಹೋಗಬಹುದು. ಸುಭಾಸನಿಗೆ ಪಂದ್ಯವೇನೂ ಕಾಣುತ್ತಿರಲಿಲ್ಲ. ಹಳಿಯಾಳ ದಾಟಿ ತೂಗುತ್ತ ಓಡುವ ಬಸ್ಸು, ಪಕ್ಕದಲ್ಲಿ ಶೈಲಾ, ಗಾಳಿಗೆ ಹಾರಿ ತನ್ನ ಭುಜಕ್ಕೆ ತಾಗುವ ಅವಳ ದುಪಟ್ಟಾ, ಇಷ್ಟೇ ಕಾಣುತ್ತಿತ್ತು.

"ಗುರಿ ಯಾಕ ತಪ್ಪತೈತಿ ಗೊತ್ತೇನ? ಒಂದ ಕಣ್ಣ ಮುಚ್ಚಬೇಕೋ ತಮ್ಮಾ," ಎಂದರು ಪಕ್ಕದ ಮನೆಯ ದ್ಯಾಮಪ್ಪ ಕಾಕಾ. ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಎಲ್ಲರಿಗೂ ಎಲ್ಲವನ್ನೂ ಹೇಳಿಕೊಡುವುದೇ ಅವರ ಡ್ಯೂಟಿ. "ಈಗಿಂದ ರೂಢಿ ಮಾಡ, ಸಂಜಿಗೆ ಬರತೈತಿ."

ಸುಭಾಸ ರೂಢಿ ಮಾಡುತ್ತಲೇ ಓಣಿಗಿಳಿದ. ಮೊಸರು ಮಾರುವ ತಾಯವ್ವ ಎದುರು ಬರುವ ಹೊತ್ತಿಗೆ ಎಡಗಣ್ಣು ಮೊದಲ ಸಲ ಒಂಟಿಯಾಗಿ ಮುಚ್ಚಿತು. ಖುಷಿಗೆ ಇನ್ನೊಮ್ಮೆ ಮುಚ್ಚಿದ.

"ಎಲಾ ಇವನ! ನನಗ ಕಣ್ಣ ಹೊಡೀತಾನ ನೋಡ್ರಿ!" ತಾಯವ್ವ ಗಡಿಗೆ ಕೆಳಗಿಟ್ಟಳು. "ನಿಮ್ಮ ಆಯಿ ವಯಸ್ಸಿನಾಕಿ ಅದೇನಿ!"

"ಇಲ್ಲಬೇ, ಗುರಿ ಇಡೂದು ಕಲಿಯಾಕತ್ತೇನಿ..."

"ಗುರಿ ಇಡಾಕ ನಾನs ಸಿಕ್ಕೆನೇನ?"

ಜನ ಸೇರಿದರು. ದ್ಯಾಮಪ್ಪ ಓಡಿ ಬಂದು, "ಬಿಡಬೇ, ಹುಡುಗಗ ಕಣ್ಣಬ್ಯಾನಿ ಐತಿ," ಎಂದು ಬಿಡಿಸಿದರು. ಕಣ್ಣುಬೇನೆ ಎಂದದ್ದೇ ತಡ, ಓಣಿಗೆಲ್ಲ ಮದ್ದು ನೆನಪಾಯಿತು. ಎದುರುಮನೆಯ ಶಂಕ್ರೆವ್ವ ಅವನನ್ನು ಕಟ್ಟೆಯ ಮೇಲೆ ಕೆಡವಿ ಎಡಗಣ್ಣಿಗೆ ಹರಳೆಣ್ಣೆ ಬಿಟ್ಟಳು. ತಾಯವ್ವನೂ ಸಿಟ್ಟು ಮರೆತು ಈರುಳ್ಳಿ ರಸ ಹಿಂಡಿದಳು. ಸಂಜೆಗೆ ಎಡಗಣ್ಣು ಕೆಂಪಗೆ ಊದಿ ತಾನೇ ಮುಚ್ಚಿಕೊಂಡಿತ್ತು. ಸುಭಾಸ ಉರಿಯನ್ನೂ ಮರೆತು ಹಿಗ್ಗಿದ.

ಕ್ಲಾಸಿನ ಬಯಲಲ್ಲಿ ಮಣ್ಣಿನ ದಿಬ್ಬದ ಮುಂದೆ ಗುರಿಯ ಕಾರ್ಡುಗಳು ಸಾಲಾಗಿ ನಿಂತಿದ್ದವು. ಧೈರ್ಯ ತುಂಬಲು ಬಂದ ದ್ಯಾಮಪ್ಪ ತಾವೂ ಹೆಸರು ಬರೆಸಿ ಒಂದು ರೈಫಲ್ ಹಿಡಿದು ಪಕ್ಕದಲ್ಲೇ ನಿಂತರು.

"ಒಂದ ಕಣ್ಣ ಯಾಕ ಮುಚ್ಚೀರಿ, ಸುಭಾಸ ಅವರ?" ಶೈಲಾ ಹತ್ತಿರ ಬಂದಳು. "ಎರಡೂ ತೆಗೀರಿ. ಮುಚ್ಚಿದ್ರ ಮಾರಿ ಬಿಗೀತೈತಿ. ಉಸರ ಬಿಡ್ರಿ, ಸಾವಕಾಶ ಒತ್ತರಿ."

ಇಡೀ ದಿನದ ಪಾಡು ಒಂದೇ ಮಾತಿಗೆ ನೀರುಪಾಲಾಯಿತು. ಸುಭಾಸ ಒದ್ದಾಡಿ ಎಡಗಣ್ಣು ತೆರೆದ. ನೀರು ತುಂಬಿದ ಕಣ್ಣಿಗೆ ಕಪ್ಪು ವೃತ್ತಗಳು ತೇಲಾಡಿದವು. ಶೈಲಾಳ ದನಿ ಕಿವಿಯಲ್ಲೇ ಉಳಿದಿತ್ತು. ಮನಸ್ಸು ಬಸ್ಸು ಹತ್ತಿತು, ಉಸಿರು ತಾನಾಗಿ ನಿಧಾನವಾಯಿತು. ಅಷ್ಟು ಸುಖವಾಗಿ ಅವನು ಎಂದೂ ಗುಂಡು ಹೊಡೆದಿರಲಿಲ್ಲ. ಐದೂ ಗುಂಡು ನಟ್ಟನಡುವೆ ಬಿದ್ದವು.

ಶೈಲಾ ಕಾರ್ಡುಗಳನ್ನು ತಂದಳು. ಸುಭಾಸನ ಕಾರ್ಡಿನಲ್ಲಿ ಒಂದು ತೂತೂ ಇರಲಿಲ್ಲ. ಅವನು ಹೊಡೆದ ಐದೂ ಪಕ್ಕದ ದ್ಯಾಮಪ್ಪನ ಕಾರ್ಡಿನಲ್ಲಿದ್ದವು. ದ್ಯಾಮಪ್ಪನ ಗುಂಡುಗಳೆಲ್ಲ ದಿಬ್ಬದ ಮಣ್ಣು ಸೇರಿದ್ದವು, ಮಣ್ಣನ್ನು ಕೆದಕಿ ನೋಡುವವರು ಯಾರು?

"ಕಾಕಾ! ಇಷ್ಟ ದಿನ ಎಲ್ಲಿದ್ರಿ ನೀವು? ನಾಳೆ ಧಾರವಾಡಕ್ಕ ನೀವs ಬರ್ರಿ!" ಎಂದಳು ಶೈಲಾ.

ದ್ಯಾಮಪ್ಪ ಕಾರ್ಡು ನೋಡಿದರು, ಸುಭಾಸನ ಮುಖ ನೋಡಿದರು, ಕೊನೆಗೆ ಮೀಸೆ ತಿರುವಿದರು.

"ಮೇಡಂ, ಅವು ನನ್ನ..." ಎಂದ ಸುಭಾಸ.

"ಗೊತ್ತೈತ್ರಿ, ನಿಮ್ಮ ಕಾಕಾ," ಶೈಲಾ ನಕ್ಕಳು. "ಮುಂಜಾನೆ ನಿಮ್ಮ ಬೈಕಿನ್ಯಾಗ ಬಸ್ ಸ್ಟ್ಯಾಂಡಿಗೆ ಕರ್ಕೊಂಡ ಬರ್ರಿ. ವಯಸ್ಸಾದಾವರು, ಒಬ್ಬರs ಬರೂದು ಬ್ಯಾಡ."