ಮಾಳಿಗೆಯಿಂದ ಕಟ್ಟಿದ ಹಾಕಿ ತಂಡ

ಕಡಿಮೆ ಮಾತಾಡುವವನ ಬೆನ್ನಿಗೆ ಇಂಥ ಪ್ರಸಂಗಗಳು ಬಿದ್ದೇ ಇರುತ್ತವೆ. ಸುಮ್ಮನೆ ಕೂತವನನ್ನು ಜನ ದಡ್ಡನೆಂದು ತಿಳಿದರೆ ಅದು ನ್ಯಾಯ. ಆದರೆ ಎಪ್ಪತ್ತರ ದಶಕದ ಕೊನೆಗೆ ಆರಂಭವಾಗಿ ಏಳು ವರ್ಷ, ಬೆಳಗಾವಿಯ ಒಂದು ಗಿರಣಿಯವರು ನನ್ನನ್ನು ಹಾಕಿ ಪಂಡಿತನೆಂದು ನಂಬಿದ್ದರು. ನಾನು ಗುಂಜಿಯ ಪ್ರಾಥಮಿಕ ಶಾಲೆಯ ಮಾಸ್ತರ. ಹಾಕಿ ಕೋಲು ಹಿಡಿದದ್ದು ಒಂದೇ ಸಲ, ಅಟ್ಟದ ಮೇಲಿನ ಗಂಟು ಇಳಿಸಲು.

ಹಾಕಿ ಗೊತ್ತಿದ್ದದ್ದು ನನ್ನ ಹೆಂಡತಿಗೆ. ಅವಳು ಈಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ನಗು ಬಂದರೆ ನಗಬೇಕು. ಅವಳೂ ನಕ್ಕಿದ್ದಳು, ಕೊನೆಯದೊಂದನ್ನು ಬಿಟ್ಟು.

ಕಾಲು ಭಾಗ

ಅವಳ ತವರು ಖಾನಾಪುರ. ಅವಳಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಹಾಕಿ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದರು. ಮಗಳನ್ನು ಮೈದಾನದ ಗೆರೆಯ ಪಕ್ಕ ಕೂರಿಸಿಕೊಳ್ಳುತ್ತಿದ್ದವರು, ಅವಳಿಗೆ ಹನ್ನೆರಡು ತುಂಬಿದ ಮೇಲೆ ಇನ್ನು ಬರಬೇಡ ಎಂದರು. ಮದುವೆಯಾದ ಮೇಲೆ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಬಾಜು ಒಂದು ಮೇಲಂತಸ್ತಿನ ಬಾಡಿಗೆ ಮನೆ ನೋಡಲು ಹೋದೆವು. ನಾನು ಒಳಗೆ ನಳ ಇಲ್ಲವೆಂದು ಮಾಲಕರ ಹತ್ತಿರ ಮಾತಾಡುತ್ತಿದ್ದಾಗ ಅವಳು ಮಾಳಿಗೆ ಹತ್ತಿ ಇಳಿದು ಬಂದು, "ಮನಿ ಭಾಳ ಚಲೋ ಐತಿ" ಎಂದಳು. ಅವಳು ನೋಡಿದ್ದು ಮನೆಯನ್ನಲ್ಲ, ಹಿಂದಿನ ಮೈದಾನವನ್ನು.

ಅಲ್ಲಿ ಆಡುತ್ತಿದ್ದದ್ದು ಗಿರಣಿಯ ತಂಡ. ಪಗಾರ ಕೊಟ್ಟು ಇಟ್ಟುಕೊಂಡ ಆಟಗಾರರು. ಹೆಸರಿಗೆ ಒಬ್ಬ ಗುಮಾಸ್ತ, ಒಬ್ಬ ವಾಚಮನ್. ಮಾಡುವ ಕೆಲಸ ಹಾಕಿ. ಸೋಲುವುದರಲ್ಲಿ ಮಾತ್ರ ಅವರು ಒಂದು ದಿನವೂ ರಜೆ ಹಾಕಿದವರಲ್ಲ.

ನಮ್ಮ ಮಾಳಿಗೆಯಿಂದ ಮೈದಾನದ ಬೇವಿನ ಮರದ ಕಡೆಯ ಅರ್ಧ ಕಾಣುತ್ತಿತ್ತು. ಇನ್ನರ್ಧಕ್ಕೆ ಹತ್ತಿಯ ಗೋದಾಮು ಅಡ್ಡ. ಗಿರಣಿಗೆ ಬುಧವಾರ ರಜೆ, ಪಂದ್ಯ ಅಂದು ಸಂಜೆ. ಮೊದಲರ್ಧ ಮುಗಿಯುವ ಹೊತ್ತಿಗೆ ಗುಂಜಿಯ ಶಾಲೆಯಿಂದ ನಾನು ಮರಳುವ ಪ್ಯಾಸೆಂಜರ್ ಗಾಡಿ ಬರುತ್ತಿತ್ತು. ಅವಳು ಚಹಾಕ್ಕಿಡಲು ಕೆಳಗಿಳಿಯುತ್ತಿದ್ದಳು. ಆದರೂ ಪ್ರತಿ ವಾರ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದಳು. ಅವನನ್ನು ತೆಗೆ, ಇವನನ್ನು ಹಾಕು, ಖಾನಾಪುರದಲ್ಲಿ ಒಬ್ಬ ಹುಡುಗನಿದ್ದಾನೆ ಅವನನ್ನು ಕರೆಸು.

ನಾನು ಒಮ್ಮೆ ಲೆಕ್ಕ ಮಾಡಿ ತೋರಿಸಿದೆ. "ಅರ್ಧ ಮೈದಾನ, ಅರ್ಧ ಆಟ. ನೀ ನೋಡೂದು ಕಾಲು ಭಾಗ. ಅಷ್ಟರ ಮ್ಯಾಲ ಹನ್ನೊಂದು ಮಂದೀನ ಬದ್ಲಿ ಮಾಡತಿಯಲ್ಲ?"

"ಅವರ ಮ್ಯಾನೇಜರ ಪೂರ್ತಿ ನೋಡತಾನ್ರಿ. ಏನ್ ಉಪಯೋಗ ಆಗೇತಿ?"

ಮೊದಲ ಚೀಟಿ

ತಂಡದ ಮ್ಯಾನೇಜರರ ಮನೆ ನಮ್ಮ ಓಣಿಯ ಕೊನೆಗೆ. ಒಂದು ರವಿವಾರ ಅವಳು ಹೇಳಿದ ಹನ್ನೊಂದು ಹೆಸರನ್ನು ನನ್ನ ಅಕ್ಷರದಲ್ಲಿ ಬರೆಸಿ ಕಳಿಸಿದಳು. ಮುಂದೆ ಐವರು, ನಡುವೆ ಮೂವರು ಹಾಫ್, ಹಿಂದೆ ಇಬ್ಬರು ಬ್ಯಾಕ್, ಗೋಲಿನಲ್ಲಿ ಒಬ್ಬ. "ನಾ ಬರದೇನಿ ಅಂತ ಹೇಳಬ್ಯಾಡ್ರಿ. ಓದೂದs ಇಲ್ಲ" ಎಂದು ಎಚ್ಚರಿಸಿದಳು.

ಮ್ಯಾನೇಜರು ಚಸ್ಮಾ ಏರಿಸಿ ಓದಿದರು. "ಮಾಸ್ತರ್ರ, ನಿಮ್ಮ ಅಕ್ಷರ ಅಂದ್ರ ಅಕ್ಷರ. ಖರೇ, ಎಡಗಡೆ ಬ್ಯಾಕಿನವನ್ನ ಯಾಕ ತಗದೀರಿ?"

ನನಗೆ ಎಡಗಡೆಯ ಬ್ಯಾಕ್ ಯಾರೆಂಬುದೇ ಗೊತ್ತಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗದೆ ನೆಲ ನೋಡುತ್ತ ಕೂತೆ.

ಅವರು ದನಿ ತಗ್ಗಿಸಿದರು. "ತಿಳೀತ್ರಿ. ಒಬ್ಬರ ಬಗ್ಗೆ ಕೆಟ್ಟದ್ದು ಬಾಯಿಬಿಟ್ಟು ಹೇಳೂ ಮನಶಾ ಅಲ್ಲ ನೀವು. ಕುಡೀತಾನಲ್ಲ? ನನಗೂ ಸಂಶೇ ಇತ್ತು."

ಮುಂದಿನ ಬುಧವಾರ ಅವನು ಆಡಲಿಲ್ಲ. ಅವಳು ಅವನನ್ನು ತೆಗೆದದ್ದು ಎದುರಿನವರು ಚೆಂಡು ತಂದಾಗ ಬೂಟಿನ ಲೇಸು ಕಟ್ಟುತ್ತ ಕೂತಿದ್ದನೆಂದು. ತಿಂಗಳ ಮೇಲೆ ಅವನ ಹೆಂಡತಿ ದಾರಿಯಲ್ಲಿ ನಿಲ್ಲಿಸಿ ನನಗೆ ಕೈ ಮುಗಿದಳು. ನೆಲ ನೋಡುತ್ತ ಕೂತು ನಾನು ಒಬ್ಬನ ಕುಡಿತ ಬಿಡಿಸಿದ್ದೆ.

ಬೇವಿನ ಮರದ ಕಡೆ

ಅಲ್ಲಿಂದ ಮುಂದೆ ಪ್ರತಿ ರವಿವಾರ ಒಂದು ಚೀಟಿ. ಮ್ಯಾನೇಜರು ಅದರಲ್ಲಿ ಮೂರೋ ನಾಲ್ಕೋ ಹೆಸರು ತೆಗೆದುಕೊಳ್ಳುತ್ತಿದ್ದರು. ಉಳಿದ ಜಾಗಕ್ಕೆ ಗಿರಣಿಯ ಸಾಹೇಬರ ಕಡೆಯವರಿದ್ದರು.

ಒಂದು ಚೀಟಿಯ ಕೆಳಗೆ ಅವಳು ಒಂದು ಸಾಲು ಹೆಚ್ಚಿಗೆ ಬರೆಸಿದಳು: ಟಾಸ್ ಗೆದ್ದರೆ ಮೊದಲರ್ಧ ಬೇವಿನ ಮರದ ಕಡೆಯ ಗೋಲಿಗೆ ಹೊಡೆಯಬೇಕು. ಕ್ಯಾಪ್ಟನ್ ಸ್ಟೇಷನ್ನಿನ ಬಾಗಿಲಲ್ಲಿ ನನ್ನನ್ನು ಹಿಡಿದು ಕಾರಣ ಕೇಳಿದ.

ನಾನು ಇದ್ದದ್ದನ್ನೇ ಹೇಳಿದೆ. "ಅಲ್ಲಾದ್ರ ಚಲೋ ಕಾಣತೈತಿ."

ಅವನು ಇಳಿಯುತ್ತಿದ್ದ ಸೂರ್ಯನ ಕಡೆ ನೋಡಿದ. ಆಮೇಲೆ ಮುಖ ಅರಳಿತು. "ಹೌದ್ರಿ ಸರ. ಸಂಜಿ ಬಿಸಲು. ಅವರ ಗೋಲಕೀಪರನ ಕಣ್ಣಿಗೆ ಹೊಡೀತೈತಿ, ನಮಗ ಚಲೋ ಕಾಣತೈತಿ."

ಮೈದಾನ ಉತ್ತರ-ದಕ್ಷಿಣ ಇತ್ತು. ಬಿಸಿಲು ಇಬ್ಬರಿಗೂ ಒಂದೇ ಮಗ್ಗುಲಿಂದ ಬೀಳುತ್ತಿತ್ತು. ಆದರೂ ಎರಡು ವರ್ಷದಲ್ಲಿ ಊರಿನ ಎಲ್ಲ ತಂಡಗಳೂ ಬೇವಿನ ಮರದ ಕಡೆಗೆ ಜಗಳಾಡತೊಡಗಿದವು. ಖಾನಾಪುರದಿಂದ ಬಂದ ಒಂದು ತಂಡದವರು ಆ ನೆಲದ ಮಣ್ಣನ್ನು ಕೈಯಲ್ಲಿ ತಿಕ್ಕಿ ಮೂಸಿ ನೋಡಿದ್ದನ್ನು ನಾನೇ ಕಂಡಿದ್ದೇನೆ.

ಕಣಕುಂಬಿಯ ಜೇನು

ಇದರಿಂದ ಒಬ್ಬನಿಗೆ ಮಾತ್ರ ದೊಡ್ಡ ಲಾಭವಾಯಿತು. ಪಂದ್ಯ ಸೋಲುವ ನಮ್ಮವರು ಟಾಸ್ ಸೋಲುತ್ತಿರಲಿಲ್ಲ. ಆಮೇಲೆ ಸೇರಿದ ಗೋಲ್‌ಕೀಪರ್ ಮೊದಲರ್ಧವೆಲ್ಲ ಗೋದಾಮಿನ ಆಚೆ ನಿಲ್ಲುತ್ತಿದ್ದ. ಎರಡನೆಯ ಅರ್ಧದಲ್ಲಿ ಅವನು ಈಚೆ ಬರುವಾಗ ಅವಳು ಒಲೆಯ ಮುಂದೆ. ನೋಡದವನನ್ನು ತೆಗೆಯುವುದು ಅನ್ಯಾಯವೆಂದು ಅವಳು ಅವನ ಹೆಸರನ್ನು ಹಾಗೇ ಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಎರಡು ಬಾಟಲಿ ಜೇನು ಹಿಡಿದು ಬಾಗಿಲಿಗೆ ಬಂದ. ಕಣಕುಂಬಿಯವನು. "ಸರ, ಐದ ಐದ ಗೋಲ ತಿಂದಾಗೂ ನೀವ ಒಬ್ಬರ ನನ್ನ ಹೆಸರ ಹೊಡದ ಹಾಕಲಿಲ್ಲ" ಎಂದವನ ಕಣ್ಣು ತುಂಬಿದ್ದವು. ಅವಳು ಚಹಾ ತಂದಿಟ್ಟು, ಅವನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ಅವನು ಹೋದ ಮೇಲೆ ಕೇಳಿದಳು, "ಇಷ್ಟ ಗಿಡ್ಡ ಮನಶಾನ್ನ ಗೋಲಿನ್ಯಾಗ ನಿಂದರಿಸ್ಯಾರೇನ್ರಿ? ನಾಳಿ ಚೀಟಿಯೊಳಗ ತಗದ ಬಿಡ್ರಿ."

"ಜೇನ ಇಸ್ಕೊಂಡೇವಿ."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಸಲಿ ಜೇನು.

"ಹಂಗಾರ ಇದ ತೀರೂತನಾ ಇರಲಿ."

ಖರೇ ಹೇಳಿದ್ದು

ಏಳನೆಯ ವರ್ಷ ಅವಳಿಗೆ ಹೊಟ್ಟೆಯ ಬೇನೆ ಬಂತು. ಎರಡು ದವಾಖಾನೆ ತೋರಿಸಿದೆ. ಎರಡನೆಯದರಲ್ಲಿ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಮಾತಾಡಿದರು.

ಟಾಂಗಾದಲ್ಲಿ ಮನೆಗೆ ಬರುವಾಗ ಅವಳು ಕೇಳಿದಳು. "ಎಷ್ಟ ದಿನಾ ಅಂದ್ರು?"

"ಹಂಗೇನ ಹೇಳಾಕ ಬರೂದಿಲ್ಲ ಅಂದ್ರು."

"ನಿಮಗ ಸುಳ್ಳು ಹೇಳಾಕ ಬರೂದಿಲ್ರಿ. ಬಿಡ್ರಿ." ಮೈದಾನ ದಾಟಿದ ಮೇಲೆ ಅಂದಳು, "ಏಳ ವರ್ಷ ಬರದೇನಿ. ನಾಕ ಹೆಸರ ತಗೋತಾರ, ಏಳ ಬಿಡತಾರ. ಸೋತ ಮ್ಯಾಲ ನನ್ನ ಚೀಟಿ ಸರಿ ಇತ್ತೋ ತಪ್ಪಿತ್ತೋ ತಿಳ್ಯಂಗಿಲ್ಲ. ಒಮ್ಮೆ ಹನ್ನೊಂದೂ ನನ್ನವರ ಆಡಬೇಕ್ರಿ. ನಾ ನೋಡಬೇಕು. ಅಷ್ಟ."

ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಕಡಿಮೆ. ಅಂದೇ ಸಂಜೆ ಮ್ಯಾನೇಜರರ ಮನೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ನನಗೆ ಹಾಕಿ ತಿಳಿಯುವುದಿಲ್ಲ, ಏಳು ವರ್ಷದ ಚೀಟಿಗಳೆಲ್ಲ ಅವಳವು, ಅವಳ ದಿನ ಮುಗಿಯುತ್ತ ಬಂದಿವೆ, ಒಮ್ಮೆ ಹನ್ನೊಂದೂ ಹೆಸರು ಹಾಕಿ.

ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ಕೈ ಹಿಡಿದು ಕೂರಿಸಿದರು.

"ನಿಮ್ಮ ಮನಿಯವರಿಗೆ ಆರಾಮಿಲ್ಲಂತ ಕೇಳಿದ್ದೆ. ಭಾಳ ಕೆಟ್ಟ ಆತ್ರಿ. ಖರೇ, ದುಃಖದಾಗ ನಿಮ್ಮ ಬುದ್ಧೀನೆಲ್ಲಾ ಅವರಿಗೆ ದಾನಾ ಮಾಡಬ್ಯಾಡ್ರಿ. ಹೆಣ್ಣಮಕ್ಕಳು ಮನ್ಯಾಗ ಕುಂತು ಹಾಫ್ ಯಾರು ಬ್ಯಾಕ್ ಯಾರು ಅಂತ ಹೇಳಾಕ ಸಾಧ್ಯ ಐತೇನ್ರಿ?"

"ಖರೇನs ಹೇಳಾಕತ್ತೇನಿ."

"ಏಳ ವರ್ಷದಾಗ ನೀವು ಇಷ್ಟ ಮಾತಾಡಿದ್ದ ಇವತ್ತ. ಅದರ ಸಲುವಾಗಿ ಹನ್ನೊಂದೂ ಹಾಕತೇನಿ. ಸಾಹೇಬರಿಗೆ ನಾ ಹೇಳಕೋತೇನಿ."

ಜೀವನದಲ್ಲಿ ನಾನು ಅತ್ಯಂತ ಕಷ್ಟಪಟ್ಟು ಹೇಳಿದ ಸತ್ಯವನ್ನು ಆ ಮನುಷ್ಯ ನಂಬಲಿಲ್ಲ. ಕೆಲಸ ಮಾತ್ರ ಆಯಿತು.

ಪೂರ್ತಿ ಆಟ

ಆ ಬುಧವಾರ ನಾನು ಶಾಲೆಗೆ ರಜೆ ಹಾಕಿದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನಾನೂ ಕೆಳಗಿನ ಮನೆಯ ಬಡಗಿಯೂ ಮಾಳಿಗೆಗೆ ಹೊತ್ತು ತಂದೆವು. ಬಡಗಿಯ ಹೆಂಡತಿಯನ್ನು ಅವಳು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದಳು. ಆಪಾ ದುಪ್ಪಟಿ ತಂದು ಕಾಲ ಮೇಲೆ ಹೊದಿಸಿ ಬಾಜು ಕೂತರು.

ಟಾಸ್ ಎದುರಿನವರು ಗೆದ್ದರು. ಆ ದಿಕ್ಕಿನ ಕೀರ್ತಿ ಅವರಿಗೂ ಮುಟ್ಟಿತ್ತು. ಬೇವಿನ ಮರದ ಕಡೆಗೆ ಹೊಡೆಯುತ್ತೇವೆಂದು ತೆಗೆದುಕೊಂಡರು. ಜೇನು ಇನ್ನೂ ತೀರಿರಲಿಲ್ಲ, ಚೀಟಿಯಲ್ಲಿ ಕಣಕುಂಬಿಯವನೇ ಇದ್ದ. ನಮ್ಮ ಗೋಲ್‌ಕೀಪರ್ ಮೊದಲ ಸಲ ಮೊದಲರ್ಧದಲ್ಲಿ ಅವಳ ಕಣ್ಣ ಮುಂದೆ ನಿಂತ. ಮೂವತ್ತೈದು ನಿಮಿಷದಲ್ಲಿ ನಾಲ್ಕು ಗೋಲು ಬಿಟ್ಟ. ನಾಲ್ಕನ್ನೂ ಅವಳು ನೋಡಿದಳು.

ಅರ್ಧ ಆಟದ ಹೊತ್ತಿಗೆ ನಾನು, "ಕೆಳಗ ಹೋಗೂಣೇನು?" ಎಂದೆ.

"ಯಾಕ? ಚಹಾ ಮಾಡೂದೈತೇನು?"

ಎರಡನೆಯ ಅರ್ಧವನ್ನೂ ನೋಡಿದಳು. ನಮ್ಮವರು ಈ ಕಡೆಗೆ ಆರು ಸಲ ಬಂದರು, ಆರು ಸಲವೂ ಚೆಂಡು ಬೇವಿನ ಮರಕ್ಕೆ ಬಡಿಯಿತು. ಸೀಟಿ ಊದಿದಾಗ ಸೊನ್ನೆಗೆ ನಾಲ್ಕು.

ಆಪಾ ಮೆಲ್ಲಗೆ ಕೇಳಿದರು, "ಏನ್ ಆಯ್ತು ಬೇಟಿ? ನಮ್ಮೋರು ಗೆದ್ರಾ?"

"ಸೋತರು ಆಪಾ. ಖರೇ ಈ ಸಲ ನನ್ನವರ ಸೋತರು. ಬ್ಯಾರೇದವರ ತಪ್ಪ ಏನೂ ಇಲ್ಲ."

ಅವಳ ಮುಖದಲ್ಲಿ ಬೇಸರ ಹುಡುಕಿದೆ. ಸಿಗಲಿಲ್ಲ. ತಿಂಗಳುಗಟ್ಟಲೆ ಇಲ್ಲದ ಚುರುಕು ಕಣ್ಣಲ್ಲಿತ್ತು. "ಪೂರ್ತಿ ನೋಡಿದ ಮ್ಯಾಲ ತಿಳೀತ ನೋಡ್ರಿ" ಎಂದಳು. "ಏಳ ವರ್ಷ ತಪ್ಪ ಬರದೇನಿ. ಪೆನ್ ತಗೋರಿ."

ಹತ್ತು ಹೆಸರು

ಆ ಚೀಟಿಯನ್ನು ಅವಳು ನಾಲ್ಕು ದಿನ ಹೇಳಿದಳು. ದಿನಕ್ಕೆ ಎರಡು ಮೂರು ಹೆಸರು, ಅಷ್ಟರಲ್ಲಿ ದಣಿಯುತ್ತಿದ್ದಳು. ಕಣಕುಂಬಿಯವನ ಜಾಗಕ್ಕೆ ಉದ್ದನೆಯವನೊಬ್ಬ ಬಂದ. ಹತ್ತು ಹೆಸರಾದವು. ಎಡಗಡೆಯ ಹಾಫ್ ಉಳಿದ.

"ಅಲ್ಲಿ ಇಬ್ಬರು ಅದಾರ. ಯಾರಂತ ನಾಳಿ ಹೇಳತೇನಿ" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ಅವಳಿಗೆ ಎಚ್ಚರ ಬರಲಿಲ್ಲ. ಅದರ ಮರುದಿನ ಹೋದಳು.

ದಿನಕರ್ಮ ಮುಗಿಸಿ, ಶಾಲೆಗೆ ಮರಳುವ ಮುಂಚಿನ ರವಿವಾರ, ಆ ಚೀಟಿಯನ್ನು ಕೊಡಲು ಹೋದೆ. ಖಾಲಿ ಜಾಗದಲ್ಲಿ ಯಾವುದಾದರೂ ಒಂದು ಹೆಸರು ಬರೆಯಬಹುದಿತ್ತು. ಆ ಇಬ್ಬರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಅವಳು ಹೇಳದ್ದನ್ನು ಅವಳ ಚೀಟಿಯಲ್ಲಿ ಬರೆಯಲು ಕೈ ಬರಲಿಲ್ಲ.

"ಇಂಥಾ ಹೊತ್ತಿನ್ಯಾಗೂ ನೀವು ತಂಡಾ ಮರೀಲಿಲ್ಲಲ್ರಿ" ಎಂದು ಮ್ಯಾನೇಜರು ಕಣ್ಣೊರೆಸಿಕೊಂಡು ಚೀಟಿ ಓದಿದರು. ಬೆರಳಿಟ್ಟು ಎಣಿಸಿದರು. "ಹತ್ತs ಅದಾವ. ಎಡಗಡೆ ಹಾಫ್ ಖಾಲಿ ಐತಿ?"

"ಹೌದ್ರಿ. ಖಾಲಿ."

"ಬೇಕಂತ ಬಿಟ್ಟೀರಿ?"

"ಅಲ್ಲಿಗೆ ಬ್ಯಾರೆ ಯಾರನ್ನೂ ಹಾಕಾಕ ಬರೂದಿಲ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಯಾರ ಮುಂದೂ ಬಾಯಿಬಿಡೂದಿಲ್ಲ" ಎಂದರು.

ಬುಧವಾರ ಗಾಡಿ ಇಳಿದು ಮನೆಗೆ ಹೋಗಲು ಮನಸ್ಸಾಗದೆ ಮೈದಾನದ ಕಡೆ ನಡೆದೆ. ಗಿರಣಿಯವರು ಹತ್ತು ಮಂದಿ ಆಡುತ್ತಿದ್ದರು. ಹನ್ನೊಂದನೆಯವನು ಬೂಟು ಹಾಕಿಕೊಂಡು ಹೊರಗೆ ಕೂತಿದ್ದ. ಅವನನ್ನು ಒಳಗೆ ಬಿಟ್ಟಿರಲಿಲ್ಲ. ಎಡಗಡೆ ನಡುವಿನಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ಎದುರಿನವರು ಆ ಕಡೆ ಚೆಂಡು ತಂದಾಗೊಮ್ಮೆ ತಡೆಯಲು ಯಾರೂ ಬಾರದ್ದನ್ನು ಕಂಡು ಅಂಜಿ ನಿಲ್ಲುತ್ತಿದ್ದರು. ಹಿಂದೆ ನೋಡುತ್ತಿದ್ದರು, ಗೋದಾಮಿನ ಕಡೆ ನೋಡುತ್ತಿದ್ದರು, ಆಮೇಲೆ ಚೆಂಡನ್ನು ತಮ್ಮವರಿಗೇ ವಾಪಸ್ಸು ಕೊಡುತ್ತಿದ್ದರು. ನಾನು ನೋಡಿದ ಅರ್ಧ ಪೂರ್ತಿ ಅವರು ನಮ್ಮ ಹನ್ನೊಂದನೆಯವನನ್ನು ಹುಡುಕಿದರು. ಕೊನೆಗೆ ಒಂದೇ ಒಂದು ಗೋಲು ಹೊಡೆದು ಗೆದ್ದರು.

ಮ್ಯಾನೇಜರು ನನ್ನನ್ನು ಕಂಡು ಓಡುತ್ತಲೇ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿ, ಕಿವಿಯ ಹತ್ತಿರ ಬಾಗಿದರು.

"ಮಾಸ್ತರ್ರ, ಹನ್ನೊಂದು ಮಂದಿ ಆಡಿ ನಾಕ ಗೋಲಿಲೆ ಸೋತಿದ್ವಿ. ಹತ್ತು ಮಂದಿ ಆಡಿ ಒಂದs ಗೋಲಿಲೆ ಸೋತ್ವಿ. ಮುಂದಿನ ವಾರ ಒಂಬತ್ತs ಬರಕೊಂಡ ಬರ್ರಿ."