ಆರು ಮಕ್ಕಳಿಗೆ ಹನ್ನೊಂದು ಮೇಷ್ಟ್ರು

ಗುಮಾಸ್ತ ಅಮರಪ್ಪನ ಕಂಪ್ಯೂಟರಿನಲ್ಲಿ ಒಂದರ ಅಂಕಿಯ ಗುಂಡಿ ಅಂಟಿಕೊಳ್ಳುತ್ತಿತ್ತು. ಒಮ್ಮೆ ಒತ್ತಿದರೆ ಒಮ್ಮೊಮ್ಮೆ ಎರಡು ಸಲ ಬೀಳುತ್ತಿತ್ತು.

ಅತ್ತಿಬೆಲೆಯ ಕಾರ್ಖಾನೆಗಳ ಹಿಂದೆ ಇರುವ ಆ ಸರ್ಕಾರಿ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಆರು ಮಂದಿ. ಅವರಿಗೆಂದು ಇದ್ದ ವಿಶೇಷ ಶಿಕ್ಷಕಿ ಹತ್ತೊಂಬತ್ತು ಶಾಲೆ ಸುತ್ತಬೇಕಿದ್ದರಿಂದ ಇಲ್ಲಿಗೆ ಬರುತ್ತಿದ್ದುದು ತಿಂಗಳಿಗೊಂದು ದಿನ. ಆ ದಿನ ಹಬ್ಬ ಬಿದ್ದರೆ ಅದೂ ಇಲ್ಲ. ಇಲಾಖೆ ಹೊಸ ಹುದ್ದೆಗಳಿಗೆ ಅರ್ಜಿ ಕರೆದಾಗ ಮುಖ್ಯೋಪಾಧ್ಯಾಯಿನಿ ವಸಂತಮ್ಮನವರು, "ನಮ್ಗೇ ಅಂತ ಒಬ್ರು ಬೇಕು, ಹಾಕಿ ಅಮರಪ್ಪ" ಎಂದಿದ್ದರು. ಅಮರಪ್ಪ "ಬೇಕಾದ ಶಿಕ್ಷಕರು" ಎಂಬ ಖಾನೆಯಲ್ಲಿ ಒಂದು ಒತ್ತಿ ಕಳಿಸಿದ. ಕಳಿಸಿದ ಬೆರಳು ಮೇಲೇಳುವ ಮುನ್ನ ಪರದೆಯ ಮೇಲೆ ಹನ್ನೊಂದು ಕಂಡಿತು. ಮರುಕ್ಷಣ ಸರ್ವರ್ ಬಿದ್ದುಹೋಯಿತು, ತಿದ್ದಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು.

"ಜಿಲ್ಲಾ ಕಚೇರಿಯಿಂದ ಆಶಾರಾಣಿ ಮಾತಾಡ್ತಿರೋದು. ನಿಮ್ಮ ಅರ್ಜಿ ನೋಡ್ದೆ. ಹನ್ನೆರಡಕ್ಕೆ ಬರ್ತೀನಿ."

ಅಮರಪ್ಪನ ಮುಖ ನೀರು ಹೆಚ್ಚಾದ ಸಾರಿನಂತೆ ಬಣ್ಣಗೆಟ್ಟಿತು. ವಸಂತಮ್ಮನವರ ಮುಂದೆ ನಿಂತು ಎಲ್ಲ ಹೇಳಿಕೊಂಡ.

"ಆರು ಮಕ್ಳಿಗೆ ಹನ್ನೊಂದು ಮೇಷ್ಟ್ರಾ?" ವಸಂತಮ್ಮನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಸುಳ್ಳು ಮಾಹಿತಿ ಕೊಟ್ರಿ ಅಂತ ಸಸ್ಪೆಂಡ್ ಮಾಡ್ತಾರೆ ಕಣ್ರೀ."

ಅಲ್ಲೇ ಇದ್ದ ಪಿ.ಟಿ. ಮೇಷ್ಟ್ರು ನಂದೀಶನಿಗೆ ಮಾತ್ರ ಉತ್ಸಾಹ. "ಕ್ರಿಕೆಟ್ ಟೀಮೇ ಆಯ್ತಲ್ಲ ಸಾರ್, ಅಂಪೈರ್ ಒಬ್ಬ ಕಮ್ಮಿ ಅಷ್ಟೆ. ಏನೂ ಹೆದರ್ಬೇಡಿ. ಏಳನೇ ಕ್ಲಾಸಲ್ಲಿ ಅರ್ಧಕ್ಕರ್ಧ ನನ್ನ ಮಾತೇ ಕೇಳಲ್ಲ. ಅವ್ರನ್ನೂ ಸೇರಿಸ್ಬಿಡೋಣ."

"ಬಾಯ್ಮುಚ್ಚಿ ನಂದೀಶ್," ಎಂದರು ವಸಂತಮ್ಮನವರು.

ಈ ಮಾತುಕತೆಯಲ್ಲಿ ಅರ್ಧ ಮಾತ್ರ ಅಡುಗೆಮನೆಗೆ ತಲುಪಿತು. ಬಿಸಿಯೂಟದ ಚಿಕ್ಕಮುನಿಯಮ್ಮ ಅಕ್ಕಿ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು, ಗೊತ್ತಿದ್ದ ತಾಯಂದಿರಿಗೆಲ್ಲ ಒಬ್ಬೊಬ್ಬರಿಗೂ ಫೋನು ಹಚ್ಚಿದರು. ಅವರ ಮೊಮ್ಮಗಳು ಸ್ಫೂರ್ತಿಗೆ ಒಂಬತ್ತು ವರ್ಷ. ಹೋದ ವರ್ಷ ಎರಡು ದಿನ ಶಾಲೆಗೆ ಬಂದಿದ್ದಳು. ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿ, ಬೆಂಚಿನ ಕೆಳಗೆ ಸೇರಿಬಿಟ್ಟಿದ್ದಳು. ನೋಡಿಕೊಳ್ಳುವವರಿಲ್ಲದೆ ಮತ್ತೆ ಮನೆಯಲ್ಲೇ ಉಳಿದಳು.

"ಅನ್ನೊಂದು ಜನ ಮೇಷ್ಟ್ರು ಬತ್ತಾವ್ರಂತೆ ಕಣಮ್ಮೋ! ನಮ್ ಸ್ಫೂರ್ತಿಯಂತಾ ಮಕ್ಳಿಗೇ ಅಂತ! ನಿನ್ ಮಗೀನೂ ಕರ್ಕೊಂಡ್ ಬಾ, ಬಿರ್ನೆ!"

ಹನ್ನೊಂದು ಗಂಟೆಗೆ ಗೇಟಿನಲ್ಲಿ ಜಾತ್ರೆ. ಎರಡನೇ ಪಾಳಿಗೆ ಹೋಗಬೇಕಾದ ತಾಯಂದಿರು, ಕಾರ್ಮಿಕರ ಶೆಡ್‌ಗಳ ಅಜ್ಜಿಯರು, ಆಟೋದಲ್ಲಿ, ಸೊಂಟದ ಮೇಲೆ, ಒಂದು ಗಾಲಿಕುರ್ಚಿಯಲ್ಲಿ ಮಕ್ಕಳನ್ನು ಕರೆತಂದಿದ್ದರು. ಸ್ಫೂರ್ತಿಯೂ ಸೇರಿ ಇಪ್ಪತ್ತೊಂದು ಮಕ್ಕಳು. ಯಾರ ಹೆಸರೂ ಯಾವ ಶಾಲೆಯಲ್ಲೂ ಇರಲಿಲ್ಲ.

"ಅನ್ನೊಂದರಲ್ಲಿ ನೀವು ಎಷ್ಟನೆಯೋರು ಮೇಷ್ಟ್ರೇ?" ಎಂದು ಒಬ್ಬ ತಾಯಿ ಕೇಳಿದಳು.

"ಅಮ್ಮ, ನಾನು ಮೇಷ್ಟ್ರಲ್ಲ..." ಎನ್ನುವಷ್ಟರಲ್ಲಿ ಅವಳ ಮಗ ಅಮರಪ್ಪನ ತೋಳಿಗೆ ಜೋತುಬಿದ್ದಿದ್ದ.

ಮುಂದಿನದು ಅಮರಪ್ಪನಿಗೇ ಸರಿಯಾಗಿ ನೆನಪಿಲ್ಲ. ನಂದೀಶ ವಿಶಲ್ ಊದಿದಾಗ ಸ್ಫೂರ್ತಿ ಕಚೇರಿಗೆ ಓಡಿ ಬಂದು ಅಮರಪ್ಪನ ಮೇಜಿನ ಕೆಳಗೆ ಕೂತಳು. ಅಮರಪ್ಪ ವಿಶಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟ. ಗಂಟೆ ಬಾರಿಸಕೂಡದೆಂದು ಹೇಳಿಕಳಿಸಿದ. ಪಿರಿಯಡ್ ಮುಗಿಯದೆ ಇಡೀ ಶಾಲೆ ಒಂದೇ ಗಣಿತದ ಪಾಠದಲ್ಲಿ ಸಿಕ್ಕಿಕೊಂಡಿತು. ಬೇರೇನೂ ತೋಚದೆ ಅಮರಪ್ಪ ತಾನೂ ಮೇಜಿನ ಕೆಳಗೆ ತೂರಿ, ಕಚೇರಿಯ ರಬ್ಬರ್ ಮೊಹರುಗಳ ಡಬ್ಬಿ ಅವಳ ಮುಂದಿಟ್ಟ. ಅವಳು ಒಂದೊಂದನ್ನೂ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದಳು. ಬಳಿಕ ಒಂದನ್ನು ಎತ್ತಿಕೊಂಡು ಅವನ ಬಿಳಿ ಅಂಗಿಯ ಎದೆಗೆ ಒತ್ತಿದಳು. ಮೊದಲ ಬಾರಿಗೆ ನಕ್ಕಳು.

ಹನ್ನೆರಡಕ್ಕೆ ಆಶಾರಾಣಿ ಬಂದಾಗ ಕಚೇರಿಯ ಮೇಜಿನ ಕೆಳಗಿಂದ ಹೊರಬಂದವನ ಎದೆಯ ಮೇಲೆ ನೀಲಿ ಅಕ್ಷರಗಳಲ್ಲಿ "ಸ್ವೀಕರಿಸಲಾಗಿದೆ" ಎಂದಿತ್ತು. ಸುತ್ತ ಇಪ್ಪತ್ತೇಳು ಮಕ್ಕಳು.

ಆಶಾರಾಣಿ ಒಂದು ಗಂಟೆ ಹೊತ್ತು ಒಬ್ಬೊಬ್ಬ ತಾಯಿಯನ್ನೂ ಮಾತಾಡಿಸಿದರು. ಸುಮ್ಮನಿದ್ದರೆ ಅಮರಪ್ಪ ಬಚಾವಾಗಬಹುದಿತ್ತೇನೋ. ಆದರೆ ಆ ತಾಯಂದಿರು ಹನ್ನೊಂದು ಮೇಷ್ಟ್ರಿಗಾಗಿ ಗೇಟಿನ ಕಡೆ ನೋಡುತ್ತಲೇ ಇದ್ದರು. ಅವನಿಗೆ ತಡೆಯಲಾಗಲಿಲ್ಲ.

"ಮೇಡಂ, ಹನ್ನೊಂದು ಅಂತ ಹೋಗಿದ್ದು ನನ್ನ ತಪ್ಪು. ಕೇಳ್ಬೇಕಿದ್ದಿದ್ದು ಒಂದೇ. ನನ್ನ ಮೇಲೆ ಏನು ಕ್ರಮ ಬೇಕಾದ್ರೂ ತಗೊಳಿ. ಆದ್ರೆ ಈ ಮಕ್ಳನ್ನ ನಾವ್ಯಾರೂ ಲೆಕ್ಕಕ್ಕೆ ಅಂತ ಕರ್ಕೊಂಡ್ ಬಂದಿದ್ದಲ್ಲ. ಇವ್ರು ನಿಜ."

ಆಶಾರಾಣಿ ಟ್ಯಾಬ್ ತೆರೆದರು. "ಯಾವ ಹನ್ನೊಂದು? ಇಲ್ಲಿ ಒಂದು ಅಂತಾನೇ ಇದೆಯಲ್ರೀ. ಆ ಖಾನೆಯಲ್ಲಿ ಒಂದೇ ಅಂಕಿ ಹಿಡಿಯೋದು. ಪರದೆ ಮೇಲೆ ಎರಡು ಕಂಡ್ರೂ, ಕಳಿಸೋವಾಗ ಎರಡನೇದನ್ನ ಅದೇ ನುಂಗ್ಹಾಕುತ್ತೆ. ನಾನು ಬಂದಿದ್ದೇ ಆ ಒಂದನ್ನ ಮಂಜೂರು ಮಾಡಿ ಹೋಗೋಣ ಅಂತ."

ಅಮರಪ್ಪ ಬಗ್ಗಿ ಟ್ಯಾಬಿನಲ್ಲಿದ್ದ ಆ ಅಂಕಿಯನ್ನು ತಾನೇ ಓದಿಕೊಂಡ.

"ಈಗ ಒಬ್ರು ಸಾಲಲ್ಲ," ಎಂದರು ಆಶಾರಾಣಿ. "ಕೇಳಿದ್ದಕ್ಕಿಂತ ಜಾಸ್ತಿ ಕೊಡೋಕೆ ನನಗೆ ಅಧಿಕಾರ ಇಲ್ಲ. ಹೊಸ ಅರ್ಜಿ ಹಾಕಿ. ಒಂಬತ್ತು ಜನರ ತನಕ ಕೇಳ್ಬಹುದು. ಮೂರಾದ್ರೂ ಕೊಡಿಸೋದು ನನ್ನ ಜವಾಬ್ದಾರಿ. ಕೊನೇ ದಿನ ಇವತ್ತೇ, ಐದಕ್ಕೆ ಮುಚ್ಚುತ್ತೆ. ಒಂದೊಂದು ಮಗುವಿಗೂ ನಾಲ್ಕು ಪುಟ ತುಂಬ್ಬೇಕು, ಅಷ್ಟೆ."

ಸಂಜೆ ನಾಲ್ಕು ಐವತ್ತೆಂಟಕ್ಕೆ ಕೊನೆಯ ಪುಟ ಹೋಯಿತು. ಅಮರಪ್ಪನ ಬೆರಳುಗಳು ಬೆಂದ ಬೀನ್ಸ್‌ನಂತೆ ಆಗಿದ್ದವು. ಆಗ ವಸಂತಮ್ಮನವರು ಸಂದರ್ಶಕರ ಪುಸ್ತಕ ಹಿಡಿದು ಬಂದು, ಮೇಡಂ ಬರೆದು ಹೋದದ್ದನ್ನು ಗಟ್ಟಿಯಾಗಿ ಓದಿದರು.

"ಹೊಸ ಶಿಕ್ಷಕರು ಬರುವವರೆಗೆ ಇಪ್ಪತ್ತೇಳು ಮಕ್ಕಳ ಹೊಣೆ ಶ್ರೀ ಅಮರಪ್ಪನವರದು. ಮಕ್ಕಳು ಇವರನ್ನು ಒಪ್ಪಿಕೊಂಡಿದ್ದಾರೆ. ಕಚೇರಿ ಕೆಲಸ ಎಂದಿನಂತೆ ಮುಂದುವರಿಯಲಿ."

"ಹೊಸಬ್ರು ಯಾವಾಗ ಬರ್ತಾರಂತೆ ಮೇಡಂ?"

"ಮುಂದಿನ ಜೂನ್."

ಆಗ ಜುಲೈ ತಿಂಗಳು.

ಬಾಗಿಲಲ್ಲಿ ಚಿಕ್ಕಮುನಿಯಮ್ಮ ಮೊಮ್ಮಗಳ ಕೈ ಹಿಡಿದು ನಿಂತಿದ್ದರು. "ಮೇಷ್ಟ್ರೇ, ನಾಳೀಕೆ ಎಷ್ಟೊತ್ಗೆ ಕರ್ಕೊಂಡ್ ಬರ್ಲಿ?"

ಅಮರಪ್ಪ ಸ್ಫೂರ್ತಿಯ ಮುಖ ನೋಡಿದ.

"ಎಂಟೂವರೆಗೇ ಬನ್ನಿ ಅಮ್ಮ," ಎಂದ. "ಹತ್ತಕ್ಕೆ ನಾನು ಗುಮಾಸ್ತ ಆಗ್ಬೇಕು."